ಇಲ್ಲದ ಶೇಪರ್ ಮೇಲೆ ಒಂದು ತಿಂಗಳು

ಭವ್ಯ ತನ್ನ ಡೈರಿಯನ್ನು ತಂದು ಮುಂದೆ ಇಟ್ಟಾಗ ನಾನು ಮೊದಲು ಮಾಡಿದ ಕೆಲಸ ಅದನ್ನು ಮೂಸಿ ನೋಡಿದ್ದು. ನೀವು ನಗಬಹುದು. ಅವಳೂ ನಕ್ಕಳು. "ಏನ್ ತಾತ, ತಿಂಡಿ ಅಂದ್ಕೊಂಡ್ಯಾ?" ಅಂದಳು. ಭವ್ಯ ನನ್ನ ತಂಗಿಯ ಮೊಮ್ಮಗಳು. ತುಮಕೂರಿನ ನಮ್ಮ ಮನೆಯಲ್ಲೇ ಇದ್ದುಕೊಂಡು ಅದೇನೋ ಹೊಸ ತರಬೇತಿಗೆ ಸೇರಿದ್ದಾಳೆ. ವಾರದಲ್ಲಿ ಎರಡು ದಿನ ಕ್ಲಾಸು, ನಾಲ್ಕು ದಿನ ಕಂಪನಿ. ಇಂಥ ಐಡಿಯಾ ಭೂಮಿಯ ಮೇಲೆ ಯಾರಿಗೂ ಹೊಳೆದೇ ಇರಲಿಲ್ಲ ಎನ್ನುವ ಹಾಗೆ ಅದಕ್ಕೊಂದು ಉದ್ದನೆಯ ಹೆಸರು, ನುಣುಪಾದ ಕಾಗದದ ಮೇಲೆ ನಗುತ್ತಿರುವ ಹುಡುಗ ಹುಡುಗಿಯರ ಫೋಟೋ.

ಡೈರಿಯಲ್ಲಿ ದಿನಕ್ಕೊಂದು ಪುಟ. ಪುಟದ ತಲೆಯ ಮೇಲೆ "ಇಂದು ಕಲಿತ ಕೌಶಲ" ಎಂದು ಅಚ್ಚಾಗಿದೆ. ಅದರ ಕೆಳಗೆ ಮೂರು ವಾರದಷ್ಟು ಪುಟಗಳು ಖಾಲಿ. "ನೀನು ಮೇಷ್ಟ್ರಾಗಿದ್ದೋನಲ್ವಾ ತಾತ, ಒಸಿ ಚೆನ್ನಾಗಿ ಬರ್ಕೊಡು. ನಾಡಿದ್ದು ಸೈನ್ ಮಾಡಿಸ್ಬೇಕು" ಅಂದಳು. ನಾನು ಮತ್ತೊಮ್ಮೆ ಮೂಸಿದೆ. ಹೊಸ ಲಗ್ನಪತ್ರಿಕೆಯ ವಾಸನೆ. ಎಣ್ಣೆಯಿಲ್ಲ, ಕಬ್ಬಿಣದ ಪುಡಿಯಿಲ್ಲ, ಅಂಚಿನಲ್ಲಿ ಒಂದು ಕರೀ ಬೆರಳಿನ ಗುರುತೂ ಇಲ್ಲ. ಮೂರು ವಾರ ಕಂಪನಿಗೆ ಹೋಗಿ ಬಂದ ಪುಸ್ತಕ!

ವಾಸನೆಯಿಲ್ಲದ ಡೈರಿಗಳ ವಿಷಯದಲ್ಲಿ ನಾನು ಪಂಡಿತ. ಒಂದು ಕಾಲದಲ್ಲಿ ಅವುಗಳನ್ನು ನಾನೇ ತಯಾರು ಮಾಡುತ್ತಿದ್ದೆ, ವಾರಕ್ಕೆ ಆರರಂತೆ. ನಿಮಗೆ ಪುರುಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ. ಇದರಲ್ಲಿ ನನ್ನ ಮಾನ ಹೋಗುವ ಭಾಗವೂ ಒಂದಿದೆ, ಅದನ್ನು ಬಿಟ್ಟು ಹೇಳುವುದಿಲ್ಲ.

ಎಂಬತ್ತರ ಆಸುಪಾಸಿನ ಮಾತು. ನಮ್ಮದು ಕುಣಿಗಲ್ ತಾಲ್ಲೂಕು, ಹುಲಿಯೂರುದುರ್ಗದ ಹತ್ತಿರದ ಹಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಗಣಿತ ಕೈಕೊಟ್ಟರೂ ಕನ್ನಡದಲ್ಲಿ ಒಳ್ಳೆಯ ನಂಬರು ಬಂದಿತ್ತು. ಅಕ್ಷರವಂತೂ ಪೋಣಿಸಿದ ಹಾಗೆ. ಅಷ್ಟು ಚೆಂದದ ಅಕ್ಷರವಿದ್ದವನನ್ನು ನಮ್ಮಪ್ಪ ಕಬ್ಬಿಣ ಉಜ್ಜಲು ಕಳಿಸಿದರು. "ಸರ್ಟಿಫಿಕೇಟ್ ಒಂದ್ ಕೈಗೆ ಬಂದ್ಬುಟ್ರೆ ಸಾಕು ಕಣ್ಲಾ. ಆಮೇಲೆ ನೀನು ಕೆಲ್ಸ ಮಾಡು, ಬುಡು, ಸಂಬಳ ಬತ್ತದೆ" ಎಂದು ಅವರು ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಎದುರಿಗೇ ಹೇಳಿದ್ದರು. ಮುಂದೆ ನನ್ನ ಬಾಳು ಅಕ್ಷರಶಃ ಹಾಗೇ ಆಯಿತು. ಅಪ್ಪನ ಮಾತನ್ನು ನನ್ನಷ್ಟು ಚಾಚೂ ತಪ್ಪದೆ ನಡೆಸಿದ ಮಗ ಇನ್ನೊಬ್ಬನಿರಲಾರ.

ತುಮಕೂರಿನ ಅಂಚಿನಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ಊರೊಳಗೆ ಒಂದು ತರಬೇತಿ ಕೇಂದ್ರ. ಎರಡರ ನಡುವೆ ಒಪ್ಪಂದವಾಗಿ, ಏಳು ಜನ ಫಿಟ್ಟರ್ ಅಪ್ರೆಂಟಿಸ್‌ಗಳನ್ನು ಆರಿಸಿಕೊಂಡರು. ಎರಡು ದಿನ ಕೇಂದ್ರದಲ್ಲಿ ಪಾಠ, ನಾಲ್ಕು ದಿನ ಕಾರ್ಖಾನೆಯಲ್ಲಿ ಕೆಲಸ. ಪ್ರಿನ್ಸಿಪಾಲರೂ ಮ್ಯಾನೇಜರೂ ಒಬ್ಬರಿಗೊಬ್ಬರು ಹಾರ ಹಾಕಿ, ಫೋಟೋ ತೆಗೆಸಿಕೊಂಡು, ನಮ್ಮನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ಆ ಫೋಟೋದಲ್ಲಿ ನನ್ನ ಎಡಗಿವಿ ಮಾತ್ರ ಬಂದಿದೆ.

ಪಾಠ ಶುರುವಾದ ಮೊದಲ ವಾರವೇ ಈ ಒಪ್ಪಂದದ ಗುಟ್ಟು ನಮಗೆ ತಿಳಿಯಿತು. ಕೇಂದ್ರದಲ್ಲಿ ಥಿಯರಿ ಮೇಷ್ಟ್ರು ಬೋರ್ಡಿನ ಮೇಲೆ ಫೈಲಿನ ಚಿತ್ರ ಬರೆದರು. ಫೈಲು ಅಂದರೆ ಕಬ್ಬಿಣ ಉಜ್ಜುವ ಅರ, ಕಚೇರಿಯ ಕಡತವಲ್ಲ. ಅದನ್ನು ಹಿಡಿಯುವುದು ಹೇಗೆ ಸಾರ್ ಎಂದು ಒಬ್ಬ ಕೇಳಿದ. "ಅದೆಲ್ಲಾ ಪ್ರಾಕ್ಟಿಕಲ್ಲು. ಕಾರ್ಖಾನೇಲಿ ಹೇಳ್ಕೊಡ್ತಾರೆ" ಅಂದರು. ಕಾರ್ಖಾನೆಗೆ ಹೋಗಿ ಸೂಪರ್‌ವೈಸರನ್ನು ಕೇಳಿದೆವು. "ಫೈಲ್ ಹಿಡಿಯೋದೂ ಕಲಿಸದೆ ಕಳಿಸವ್ರಾ? ಹೋಗ್ರಯ್ಯ, ಅಲ್ಲೇ ಕೇಳ್ಕೊಂಡು ಬನ್ನಿ!" ಅಂದ. ಹೀಗೆ ಎರಡು ವರ್ಷ ನಾವು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿದೆವು. ನಿಜವಾಗಿ ನಮಗೆ ವಿದ್ಯೆ ಬಂದದ್ದೇನಾದರೂ ಇದ್ದರೆ ಅದು ನಡುವಿನ ಟೌನ್ ಬಸ್ಸಿನಲ್ಲಿ, ಅದೂ ಚಿಲ್ಲರೆ ಇಲ್ಲದೆ ಇಳಿಯುವ ವಿದ್ಯೆ.

ಕೇಂದ್ರದಲ್ಲಿ ಅಳತೆ ನೋಡುವ ಒಂದು ವರ್ನಿಯರ್ ಕ್ಯಾಲಿಪರ್ ಇತ್ತು. ಗಾಜಿನ ಬೀರುವಿನಲ್ಲಿ, ಕೆಂಪು ಮಖಮಲ್ಲಿನ ಮೇಲೆ ಮಲಗಿತ್ತು. ಬೀರುವಿನ ಬೀಗದ ಕೈ ಸ್ಟೋರ್‌ಕೀಪರ್ ಹತ್ತಿರ. ಆತ ನಮ್ಮ ಪಾಠದ ದಿನಗಳಲ್ಲಿ ತಪ್ಪದೆ ರಜೆ ಹಾಕುತ್ತಿದ್ದ. ದೇವರಾಯನದುರ್ಗದ ಬೆಟ್ಟ ಹತ್ತಿದರೆ ನರಸಿಂಹಸ್ವಾಮಿಯ ದರ್ಶನವಾದರೂ ಆಗುತ್ತಿತ್ತು, ಕ್ಯಾಲಿಪರಿನ ದರ್ಶನ ಗಾಜಿನ ಈಚೆಯಿಂದ ಮಾತ್ರ.

ಇನ್ನು ಕಾರ್ಖಾನೆಯ ನಾಲ್ಕು ದಿನ. ದೊಡ್ಡವರು ಯಾರಾದರೂ ಬರುವ ಸುದ್ದಿಯಿದ್ದರೆ ದಾರಿಯ ಅಂಚಿನ ಕಲ್ಲುಗಳಿಗೆ ಸುಣ್ಣ ಬಳಿಯುತ್ತಿದ್ದೆವು. ಬರುವ ಸುದ್ದಿಯಿಲ್ಲದಿದ್ದರೆ ಟೀ ಹಂಚುತ್ತಿದ್ದೆವು. ಮಳೆ ಬಂದರೆ ಕಾರ್ಖಾನೆಯ ಹಿಂದಿದ್ದ ಮ್ಯಾನೇಜರ್ ಮನೆಗೆ ಹೋಗಿ ತೆಂಗಿನ ಸಸಿಗೆ ಗುಂಡಿ ತೋಡುತ್ತಿದ್ದೆವು. ನನಗೆ ಅದೂ ಹೆಚ್ಚು ದಿನ ಬೀಳಲಿಲ್ಲ. ಅಕ್ಷರ ನೋಡಿ ಕಾರ್ಖಾನೆಯ ಟ್ರೈನಿಂಗ್ ಆಫೀಸರು ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿ ಲಕೋಟೆಗಳ ಮೇಲೆ ವಿಳಾಸ ಬರೆಸತೊಡಗಿದರು. ಫಿಟ್ಟರ್ ಟ್ರೇಡಿನಲ್ಲಿ ಅಂಗೈಯಲ್ಲಿ ಬೊಬ್ಬೆ ಏಳುತ್ತದಂತೆ, ನನಗೆ ಎದ್ದದ್ದು ಪೆನ್ನು ಹಿಡಿಯುವ ನಡುಬೆರಳಿಗೆ.

ಆದರೆ ಸರ್ಕಾರಕ್ಕೆ ತೋರಿಸಲು ಪ್ರತಿಯೊಬ್ಬ ಅಪ್ರೆಂಟಿಸೂ ವರ್ಕ್ ಡೈರಿ ಬರೆಯಬೇಕಿತ್ತು. ಯಾವ ದಿನ ಯಾವ ಕೆಲಸ ಕಲಿತೆ ಎಂದು. ಡೈರಿ ಸರಿಯಿದ್ದರಷ್ಟೇ ಕೊನೆಯ ಪರೀಕ್ಷೆ, ಪರೀಕ್ಷೆಯಾದರಷ್ಟೇ ಸರ್ಟಿಫಿಕೇಟು, ಸರ್ಟಿಫಿಕೇಟಿದ್ದರಷ್ಟೇ ಕಾರ್ಖಾನೆಯಲ್ಲಿ ಕಾಯಂ ಕೆಲಸ. ಸುಣ್ಣ ಬಳಿದೆ ಅಂತ ಬರೆಯುವುದು ಹೇಗೆ? ನನ್ನ ಪ್ರತಿಭೆ ಆಗ ಹೊರಬಿತ್ತು. ಸಿಲಬಸ್ಸಿನ ಪುಸ್ತಕ ಮುಂದಿಟ್ಟುಕೊಂಡು, ಪಾಠಕ್ಕೊಂದು ವಾರದಂತೆ ಹಂಚಿ, ಪ್ರತಿ ಶನಿವಾರ ಇಡೀ ವಾರದ ಕೆಲಸವನ್ನು ಒಂದೇ ಪಟ್ಟಿಗೆ ಕೂತು ಬರೆದು ಮುಗಿಸುತ್ತಿದ್ದೆ. "ಇಂದು ಚಪ್ಪಟೆ ಅರದಿಂದ ಕಬ್ಬಿಣದ ತಗಡಿನ ಮೇಲ್ಮೈಯನ್ನು ಸಮಗೊಳಿಸಿ, ಮೂಲೆಮಟ್ಟದಿಂದ ಪರೀಕ್ಷಿಸಿ ತೃಪ್ತಿ ಹೊಂದಲಾಯಿತು." ತೃಪ್ತಿ ಹೊಂದಲಾಯಿತು ಎನ್ನುವುದು ನನ್ನ ಸ್ವಂತ ಸೇರ್ಪಡೆ. ಉಳಿದ ಐವರು ಅದನ್ನೇ ಹಿಂದುಮುಂದು ಮಾಡಿ ತಮ್ಮ ಡೈರಿಗೆ ಇಳಿಸಿಕೊಂಡು, ನನಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸುತ್ತಿದ್ದರು. ಥಿಯರಿ ಮೇಷ್ಟ್ರು ನನ್ನ ಡೈರಿಯನ್ನು ಕಿರಿಯರಿಗೆ ಓದಿ ಹೇಳುತ್ತಿದ್ದರು. ಟ್ರೈನಿಂಗ್ ಆಫೀಸರು ಏಳೂ ಡೈರಿಗಳಿಗೆ, ಪಕ್ಕದವರ ಜೊತೆ ಮಾತಾಡುತ್ತಲೇ, ಪುಟ ಮಗುಚುವ ವೇಗದಲ್ಲಿ ಸೈನು ಹಾಕಿಬಿಡುತ್ತಿದ್ದರು.

ಐವರು ಅಂದೆ, ನಾನು ಸೇರಿ ಆರು. ಏಳನೆಯವನು ಸಿದ್ದಲಿಂಗ.

ಸಿದ್ದಲಿಂಗ ಗುಬ್ಬಿಯವನು. ದಿನಾ ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದ. ಅವರಪ್ಪ ಬೇರೆಯವರ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವವರು. "ನಮ್ಮಪ್ಪನ ಕೈ ನೋಡಿದೀಯೇನ್ಲಾ? ಚಿಪ್ಪಿನ ಥರಾ ಆಗೋಗೈತೆ. ನಂಗೆ ಕಾಯಂ ಆದ್ ದಿನ ಆ ಸುಲಿಯೋ ಗೂಟಾನ ಕಿತ್ತು ಒಲೆಗೆ ಹಾಕ್ತೀನಿ" ಎನ್ನುತ್ತಿದ್ದ. ಗುಬ್ಬಿಯ ತೆಂಗು ಬಿಟ್ಟು ಬಂದವನಿಗೆ ತುಮಕೂರಿನಲ್ಲೂ ಮ್ಯಾನೇಜರ ತೆಂಗೇ ಕಾದುಕೊಂಡಿತ್ತು. ಆದರೆ ಅವನು ಗುಂಡಿ ತೋಡಿ ಬಂದವನೇ, ಮಣ್ಣು ಕೊಡವಿಕೊಂಡು, ಊಟದ ಬಿಡುವಿನಲ್ಲಿ ಬಾಷಾ ಸಾಬರ ಬೆಂಚಿಗೆ ಹೋಗಿ ನಿಲ್ಲುತ್ತಿದ್ದ.

ಬಾಷಾ ಸಾಬರು ಕಾರ್ಖಾನೆಯ ಹಳೇ ಫಿಟ್ಟರು. ಹುಡುಗರಿಗೆ ಪಾಠ ಹೇಳಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಹೆಸರು ಒಪ್ಪಂದದಲ್ಲಿರಲಿಲ್ಲ, ಫೋಟೋದಲ್ಲೂ ಇರಲಿಲ್ಲ. ಸಿದ್ದಲಿಂಗನ ಕೈಗೆ ಒಂದು ಅಂಗೈಯಗಲದ ಕಬ್ಬಿಣದ ತುಂಡು ಕೊಟ್ಟು, "ಉಜ್ಜು" ಅಂದರು. ಎರಡು ತಿಂಗಳು ಅವನು ಅದನ್ನೇ ಉಜ್ಜಿದ. ಅವರು ದಿನಾ ಅದನ್ನು ಬೆಳಕಿಗೆ ಹಿಡಿದು ನೋಡಿ, "ನಡುವೆ ಹೊಟ್ಟೆ ಬಂದೈತಲ್ಲಪ್ಪಾ ಇದಕ್ಕೆ, ಇನ್ನೂ ಉಜ್ಜು" ಎಂದು ವಾಪಸು ಕೊಡುತ್ತಿದ್ದರು. ನಾನು ಒಂದೇ ದಿನ ಹೋಗಿ, ಹತ್ತು ನಿಮಿಷ ಉಜ್ಜಿ, ಭುಜ ನೋವು ಅಂತ ಫ್ಯಾನಿನ ಕೆಳಗೆ ವಾಪಸು ಬಂದೆ. ಆ ವಾರದ ಡೈರಿಯಲ್ಲಿ ಮಾತ್ರ ಫೈಲಿಂಗ್ ಬಗ್ಗೆ ಎರಡು ಪುಟ ಬರೆದಿದ್ದೆ.

ನನ್ನ ಡೈರಿ ನಕಲು ಮಾಡಿಕೋ ಎಂದು ಸಿದ್ದಲಿಂಗನಿಗೂ ಹೇಳಿದೆ. ಇಡ್ಲಿ ಬೇಡ, ಪುಕ್ಕಟೆ. ಅವನು ಒಪ್ಪಲಿಲ್ಲ. "ಮಾಡ್ದೇ ಇದ್ದಿದ್ನ ಬರೆಯೋಕೆ ನಂಗೆ ಬರಾಕಿಲ್ಲ ಕಣೋ. ಮಾಡಿದ್ನ ಬರೀತೀನಿ, ಬುಡು" ಅಂದ. ಬರೆದ. ಎಣ್ಣೆ ಕೈಯಲ್ಲೇ ಬರೆದ. "ಸೋಮವಾರ: ಮ್ಯಾನೇಜರ್ ಸಾಹೇಬರ ಮನೆಯಲ್ಲಿ ತೆಂಗಿನ ಗುಂಡಿ ತೋಡಿದೆ, ಮೂರು. ಮಂಗಳವಾರ: ಸದರಿ ಗುಂಡಿಗೆ ಗೊಬ್ಬರ. ಬುಧವಾರ: ಕಲ್ಲಿಗೆ ಸುಣ್ಣ. ಊಟದ ಬಿಡುವಿನಲ್ಲಿ ಬಾಷಾ ಸಾಬರ ಹತ್ತಿರ ಫೈಲಿಂಗ್, ಅರ್ಧ ಗಂಟೆ." ಮೂರು ಗುಂಡಿ ಎಂದೇ ನನ್ನ ನೆನಪು. ಅದರ ಕೆಳಗೂ ಟ್ರೈನಿಂಗ್ ಆಫೀಸರ ಅದೇ ಬಾಲವುಳ್ಳ ಸೈನು! ಎರಡು ವರ್ಷ, ವಾರ ವಾರ, ಮ್ಯಾನೇಜರ ತೋಟಕ್ಕೆ ಸರ್ಕಾರದ ಅಪ್ರೆಂಟಿಸ್ ಗುಂಡಿ ತೋಡಿದ ಎಂದು ಕಂಪನಿಯೇ ದೃಢೀಕರಿಸಿ ಕೊಟ್ಟಿತ್ತು. ನಾವು ಆರು ಜನ ಅದನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು.

ಪರೀಕ್ಷೆಗೆ ಒಂದು ತಿಂಗಳಿದೆ ಎನ್ನುವಾಗ ಸರ್ಕಾರದ ಇನ್‌ಸ್ಪೆಕ್ಟರು ಜೀಪಿನಲ್ಲಿ ಬಂದರು. ಅಂದು ಬೆಳಿಗ್ಗೆ ಏಳು ಗಂಟೆಯಿಂದ ನಾವು ಸುಣ್ಣ ಬಳಿದಿದ್ದೆವು. ಅವರು ಬಂದರು, ಹಾರ ಹಾಕಿಸಿಕೊಂಡರು, ಮ್ಯಾನೇಜರ ಜೊತೆ ಊಟ ಮಾಡಿದರು. ಅಲ್ಲಿಗೆ ತಪಾಸಣೆ ಮುಗಿಯಬೇಕಿತ್ತು. ಆದರೆ ಜೀಪಿನ ಡ್ರೈವರ್ ಇನ್ನೂ ಊಟಕ್ಕೆ ಕೂತಿದ್ದ. ಹೊತ್ತು ಹೋಗಲಿ ಅಂತ ಅವರು ಮೇಜಿನ ಮೇಲಿದ್ದ ಡೈರಿಗಳನ್ನು ಎತ್ತಿಕೊಂಡು ಓದತೊಡಗಿದರು. ಒಬ್ಬ ಡ್ರೈವರ್ ಎರಡನೇ ಸಲ ಅನ್ನ ಹಾಕಿಸಿಕೊಂಡದ್ದರಿಂದ ಇಷ್ಟೆಲ್ಲಾ ಆಯಿತು.

"ಓಹೋ, ಒಂದು ತಿಂಗಳು ಶೇಪರ್ ಮೇಲೆ ಕೆಲ್ಸ ಮಾಡ್ಸಿದೀರ. ಗುಡ್. ಎಲ್ಲಿದೆ ಶೇಪರ್ರು, ತೋರ್ಸಿ" ಅಂದರು.

ಶೇಪರ್ ಅಂದರೆ ಕಬ್ಬಿಣದ ಮೈಯನ್ನು ಹಿಂದೆ ಮುಂದೆ ಸರಿದು ಕೆತ್ತಿ ಸಮ ಮಾಡುವ ಯಂತ್ರ. ಎತ್ತಿನ ಗಾಡಿಯಷ್ಟು ಜಾಗ ಹಿಡಿಯುತ್ತದೆ. ಸಿಲಬಸ್ಸಿನಲ್ಲಿ ಒಂದು ತಿಂಗಳ ಪಾಠ ಅಂತ ಇತ್ತು, ನಾನು ಒಂದು ತಿಂಗಳು ಬರೆದಿದ್ದೆ. ನಮ್ಮ ಕಾರ್ಖಾನೆಯಲ್ಲಿ ಶೇಪರ್ ಇದೆಯೋ ಇಲ್ಲವೋ ಎಂದು ತಿರುಗಿ ನೋಡಿರಲೇ ಇಲ್ಲ. ಎರಡು ವರ್ಷ ಅಲ್ಲಿದ್ದವನು! ಫ್ಯಾನಿನ ಕೆಳಗಿಂದ ಎದ್ದು ಹೋಗಿ ಒಮ್ಮೆ ಎಣಿಸಿದ್ದರೆ ಗೊತ್ತಾಗುತ್ತಿತ್ತು.

ಟ್ರೈನಿಂಗ್ ಆಫೀಸರು, "ರಿಪೇರಿಗೆ ಹೋಗಿದೆ ಸಾರ್, ಬೆಂಗಳೂರಿಗೆ" ಅಂದರು.

"ಹೋದ ಶನಿವಾರದ ಎಂಟ್ರಿನೂ ಇದೆಯಲ್ರೀ?"

"ನಿನ್ನೆ ಹೋಯ್ತು ಸಾರ್."

"ಸರಿ, ಅದನ್ನ ಕೂರಿಸಿದ್ದ ಜಾಗ ತೋರ್ಸಿ. ನೆಲದಲ್ಲಿ ಬೋಲ್ಟಿನ ತೂತಾದ್ರೂ ಇರ್ಬೇಕಲ್ಲ?"

ಆಫೀಸರು ನೆಲ ನೋಡಿದರು. ಅಷ್ಟರಲ್ಲಿ ಇನ್‌ಸ್ಪೆಕ್ಟರು ಏಳನೆಯ ಡೈರಿ ತೆರೆದಿದ್ದರು. ಎಣ್ಣೆಗೆ ಪುಟಗಳು ಅಂಟಿಕೊಂಡಿದ್ದವು. ಬಿಡಿಸಿಕೊಂಡು ಓದಿದರು. ತೆಂಗಿನ ಗುಂಡಿಯ ಪುಟ ಬಂದಾಗ ಒಮ್ಮೆ ಮ್ಯಾನೇಜರ ಮುಖ ನೋಡಿದರು, ಈಗ ತಾನೇ ಅವರ ಮನೆಯ ಒಬ್ಬಟ್ಟು ತಿಂದ ಬಾಯಿ ಒರೆಸಿಕೊಂಡರು. ಮ್ಯಾನೇಜರು, "ಆ ಹುಡುಗ ಮೊದಲಿಂದ್ಲೂ ತರ್ಲೆ ಸಾರ್. ಬೇಕೂ ಅಂತ ಬರೆದಿದಾನೆ" ಅಂದರು.

ಸಿದ್ದಲಿಂಗ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದ. "ಗುಂಡಿ ಅಲ್ಲೇ ಅವೆ ಸಾರ್, ಸಸಿನೂ ಅವೆ. ಬನ್ನಿ, ತೋರಿಸ್ತೀನಿ. ಇವ್ರ್ ಕೈಲಿ ಶೇಪರ್ ತೋರ್ಸಕ್ಕಾಗ್ತದಾ ಕೇಳಿ" ಅಂದ.

ಇನ್‌ಸ್ಪೆಕ್ಟರು ದಡ್ಡರಾಗಿರಲಿಲ್ಲ. ಅವರಿಗೆ ಎಲ್ಲವೂ ಗೊತ್ತಾಗಿಹೋಗಿತ್ತು. ಆದರೆ ಗೊತ್ತಾದದ್ದನ್ನು ಬರೆಯಬೇಕಾದರೆ ಆರು ಡೈರಿ ಸುಳ್ಳು, ಒಪ್ಪಂದ ಸುಳ್ಳು, ಅವರ ಇಲಾಖೆ ಎರಡು ವರ್ಷ ಕಳಿಸಿದ ವರದಿಯೂ ಸುಳ್ಳು ಎಂದು ಬರೆಯಬೇಕು. ಅವರಿಗೆ ಬೇಕಾಗಿದ್ದದ್ದು ಒಂದು ಸಾಕ್ಷಿ. ಸಾಲಿನಲ್ಲಿ ಮೊದಲು ನಿಂತಿದ್ದವನು ನಾನು.

"ನೀನು ಹೇಳಪ್ಪ. ಶೇಪರ್ ಮೇಲೆ ಕೆಲ್ಸ ಮಾಡಿದ್ಯಾ?"

ನನಗೆ ಆ ಕ್ಷಣ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ನಿಂತ ಅಪ್ಪ ನೆನಪಾದರು. ಸಿದ್ದಲಿಂಗ ನನ್ನನ್ನೇ ನೋಡುತ್ತಿದ್ದ. ಅವನಿಗೆ ಅನುಮಾನವೇ ಇರಲಿಲ್ಲ. ನಾನು ಇಲ್ಲ ಅನ್ನುತ್ತೇನೆ ಎಂದು ನಂಬಿಕೊಂಡು ನಿಂತಿದ್ದ.

"ಹೌದು ಸಾರ್" ಅಂದೆ.

"ಗುಂಡಿ ತೋಡಿದ್ರಾ?"

"ಇಲ್ಲ ಸಾರ್."

ನನ್ನ ಹಿಂದಿದ್ದ ಐವರೂ ತಲೆಯಾಡಿಸಿದರು. ಇನ್‌ಸ್ಪೆಕ್ಟರು ಕೆಂಪು ಶಾಯಿಯಲ್ಲಿ ಸಿದ್ದಲಿಂಗನ ಡೈರಿಯ ಮೇಲೆ "ಸರಿಯಾಗಿ ನಿರ್ವಹಿಸಿಲ್ಲ" ಎಂದು ಬರೆದು ಜೀಪು ಹತ್ತಿದರು. ಅವನು ಆ ವರ್ಷ ಪರೀಕ್ಷೆಗೆ ಕೂರುವಂತಿರಲಿಲ್ಲ. ಇನ್ನೊಂದು ವರ್ಷ ಇದ್ದು, ಡೈರಿಯನ್ನು ಮೊದಲಿಂದ "ನೀಟಾಗಿ" ಬರೆದು ಕೊಟ್ಟರೆ ನೋಡೋಣ ಅಂದರು ಆಫೀಸರು. ಅವನು ಡೈರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಕಡೆ ಹೊರಟ. ನಾನು ಹಿಂದೆ ಓಡಿದೆ. ಬೈದಿದ್ದರೆ ಬೇಕಾದಷ್ಟು ಆಗುತ್ತಿತ್ತು, ಹೊಡೆದಿದ್ದರೂ ಸರಿ. "ನಿನ್ ಅಕ್ಷರ ಚೆನ್ನಾಗೈತೆ ಕಣೋ" ಅಂದ, ಅಷ್ಟೆ. ನಾಲ್ಕು ಗಂಟೆಯ ರೈಲಿಗೆ ಗುಬ್ಬಿಗೆ ಹೋದ.

ಬಾಷಾ ಸಾಬರು ಅಂದಿನಿಂದ ನನ್ನನ್ನು ಕಂಡರೆ ಕಬ್ಬಿಣ ಕಚ್ಚಿ ಹಿಡಿಯುವ ತಮ್ಮ ವೈಸಿನ ಮೇಲೆ ಬಟ್ಟೆ ಹೊದಿಸಿಬಿಡುತ್ತಿದ್ದರು. ಪರೀಕ್ಷೆಯಲ್ಲಿ ಎರಡು ತುಂಡು ಕಬ್ಬಿಣವನ್ನು ಒಂದಕ್ಕೊಂದು ಬೆಳಕು ತೂರದಂತೆ ಕೂರಿಸಬೇಕಿತ್ತು. ನಾನು ಕೂರಿಸಿದ್ದರ ಸಂದಿಯಲ್ಲಿ ಕುಣಿಗಲ್ ಬಸ್ಸು ಪಾಸಾಗಬಹುದಿತ್ತು. ಆದರೂ ಪಾಸಾದೆ, ಡೈರಿಯ ನಂಬರು ಕೈಹಿಡಿಯಿತು. ಇನ್ನೂ ತಮಾಷೆಯೆಂದರೆ ನಾಲ್ಕು ವರ್ಷದ ಮೇಲೆ ಇಂಥದ್ದೇ ಒಂದು ತರಬೇತಿ ಕೇಂದ್ರದಲ್ಲಿ ನನ್ನನ್ನೇ ಫಿಟ್ಟರ್ ಮೇಷ್ಟ್ರನ್ನಾಗಿ ತೆಗೆದುಕೊಂಡರು. ನಿವೃತ್ತಿಯಾಗುವವರೆಗೂ ನಾನು ಬೋರ್ಡಿನ ಮೇಲೆ ಫೈಲಿನ ಚಿತ್ರ ಬರೆದೆ. ಹಿಡಿಯೋದು ಹೇಗೆ ಸಾರ್ ಅಂದವರಿಗೆ, "ಕಾರ್ಖಾನೇಲಿ ಹೇಳ್ಕೊಡ್ತಾರೆ" ಅಂದೆ. ಎಷ್ಟು ಡೈರಿಗಳಿಗೆ ಓದದೆ ಸೈನು ಹಾಕಿದೆನೋ ದೇವರೇ ಬಲ್ಲ.

ಸಿದ್ದಲಿಂಗನ ಸುದ್ದಿ ಆಗಾಗ ಬರುತ್ತಿತ್ತು. ಗುಬ್ಬಿಯಲ್ಲಿ ವರ್ಕ್‌ಶಾಪ್ ಇಟ್ಟಿದ್ದಾನೆ, ಪಂಪ್‌ಸೆಟ್ ಕೆಟ್ಟರೆ ಸುತ್ತಿನ ತೋಟದವರೆಲ್ಲಾ ಅವನ ಹತ್ತಿರವೇ ಹೋಗುತ್ತಾರೆ ಎಂದು. ನನ್ನ ಕೈಕೆಳಗೆ ಪಾಸಾದ ಹುಡುಗರೂ ಕೆಲವರು ಅವನ ಹತ್ತಿರ ಹೋಗಿ ಸೇರುತ್ತಿದ್ದರಂತೆ. ಸರ್ಟಿಫಿಕೇಟು ನನ್ನ ಹತ್ತಿರ, ಕೆಲಸ ಅವನ ಹತ್ತಿರ. ಆ ಹಳೇ ಒಪ್ಪಂದ ಕೊನೆಗೂ ಜಾರಿಗೆ ಬಂದಿತ್ತು, ಇಬ್ಬರಿಗೂ ಯಾರೂ ಹಾರ ಹಾಕಿರಲಿಲ್ಲ ಅಷ್ಟೆ. ನಾನು ಅವನನ್ನು ನೋಡಲು ಒಮ್ಮೆಯೂ ಹೋಗಲಿಲ್ಲ. ಅರಸೀಕೆರೆಯ ಕಡೆಗೆ ರೈಲಿನಲ್ಲಿ ಹೋಗುವಾಗ ಗುಬ್ಬಿ ಬಂದರೆ ಪ್ಲಾಟ್‌ಫಾರಂ ಇಲ್ಲದ ಬದಿಯ ಕಿಟಕಿಗೆ ಸರಿದು ಕೂರುತ್ತಿದ್ದೆ.

ಇದನ್ನೆಲ್ಲಾ ನಾನು ಭವ್ಯಳಿಗೆ ಹೇಳಿದೆ. ಮೊದಲು ನಗುತ್ತಾ ಕೇಳಿದಳು, ಆಮೇಲೆ ನಗಲಿಲ್ಲ. "ಮೂರು ವಾರ ನೀನು ನಿಜವಾಗ್ಲೂ ಏನು ಮಾಡಿದೆ, ಹೇಳು" ಅಂದೆ. "ಡಬ್ಬಿಗೆ ಲೇಬಲ್ ಅಂಟಿಸಿದೀನಿ ತಾತ. ಬರೀ ಲೇಬಲ್ಲು. ಅದನ್ನೇ ಬರೆದ್ರೆ ನಂಗೂ ಹಂಗೇ ಮಾಡ್ತಾರೆ ಅಷ್ಟೇ" ಅಂದಳು. ಅವಳು ಹೇಳಿದ್ದು ಸರಿಯಾಗೇ ಇತ್ತು.

ಡೈರಿ ಮುಚ್ಚುತ್ತಾ, "ಆ ಸಿದ್ಲಿಂಗಣ್ಣೋರು ಈಗ ಎಲ್ಲವ್ರೆ?" ಅಂದಳು.

"ಗುಬ್ಬೀಲೇ."

"ಇಷ್ಟ್ ಹತ್ರಾನಾ!" ಅಂದಳು. ಅವಳು ಬೇಕೆಂದು ಚುಚ್ಚಿದ್ದಲ್ಲ. ನನಗೆ ಮಾತ್ರ ನಾಟಿತು. ಭಾನುವಾರ ಹೋಗಿ ಬರೋಣ ಅಂದೆ.

ಭಾನುವಾರ ಇಬ್ಬರೂ ಗುಬ್ಬಿ ಬಸ್ಸು ಹತ್ತಿದೆವು. ವರ್ಕ್‌ಶಾಪ್ ಕೇಳಿದರೆ ಸಣ್ಣ ಮಗುವೂ ತೋರಿಸಿತು. ಬಾಗಿಲಲ್ಲೇ ಆ ವಾಸನೆ, ಎಣ್ಣೆಯದ್ದು, ಆಗ ತಾನೇ ಉಜ್ಜಿದ ಕಬ್ಬಿಣದ್ದು. ಒಳಗೆ ತಲೆ ಪೂರ್ತಿ ಬೆಳ್ಳಗಾದ ಒಬ್ಬ ಮನುಷ್ಯ ಬೆಂಚಿನ ಮೇಲೆ ಬಾಗಿದ್ದ. ತಲೆಯೆತ್ತಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದ. ಗುರುತು ಹಿಡಿಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಏನ್ಲಾ, ಶೇಪರ್ ರಿಪೇರಿ ಆಗಿ ಬಂತೇನ್ಲಾ?" ಅಂದ.

ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಒಳ್ಳೊಳ್ಳೆ ವಾಕ್ಯಗಳನ್ನು ಜೋಡಿಸಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ. "ಶೇಪರ್ ಇರ್ಲಿಲ್ಲ ಕಣೋ. ನಾನು ಸುಳ್ಳು ಹೇಳ್ದೆ. ಗುಂಡಿ ತೋಡಿದ್ವಿ, ಮೂರು" ಅಂದೆ.

ಅವನು ಎದ್ದು ಹೋಗಿ, ಗೋಡೆಯ ಗೂಡಿನಿಂದ ಕಪ್ಪಗಾದ ಒಂದು ಪುಸ್ತಕ ತೆಗೆದು ಬೆಂಚಿನ ಮೇಲೆ ಇಟ್ಟ. ಪುಟಗಳನ್ನು ಬಿಡಿಸಿ ಬಿಡಿಸಿ ಹುಡುಕಿ, ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದ.

"ಐದು ಕಣ್ಲಾ" ಅಂದ. "ಸರಿಯಾಗಿ ಹೇಳು."

"ಐದು" ಅಂದೆ.

ಆಮೇಲೆ ಭವ್ಯಳ ಕೈಗೆ ಒಂದು ತುಂಡು ಕಬ್ಬಿಣ, ಒಂದು ಫೈಲು ಕೊಟ್ಟು, ಅದನ್ನು ಹಿಡಿಯುವುದು ಹೇಗೆಂದು ತೋರಿಸಿದ. ನಾನೂ ಪಕ್ಕದಲ್ಲಿ ನಿಂತು ನೋಡಿಕೊಂಡೆ.